ತೇನ್‌ಮೊಳಿ ಓದಿದ ರಿಪೋರ್ಟು

ತಿರುಚ್ಚಿಯ ತೇನ್‌ಮೊಳಿ ಒಂಬತ್ತು ವರ್ಷದಿಂದ ಕಂಡವರ ಕಾಯಿಲೆ ಓದಿ ಹೊಟ್ಟೆ ಹೊರೆಯುತ್ತಿದ್ದಳು. ಅಮೆರಿಕದ ಆಸ್ಪತ್ರೆಗಳಿಂದ ಬರುವ ಕಡತ ನೋಡಿ, ಅಲ್ಲಿನ ಡಾಕ್ಟರು ಬರೆದ ಪ್ರತಿ ಕಾಯಿಲೆಗೂ ಅದರದೇ ಕೋಡ್ ಹಾಕುವುದು ಅವಳ ಕೆಲಸ. ಲಿವರಿನ ಕಿಣ್ವ ಏರಿದ್ದರೆ ಆರ್ ಎಪ್ಪತ್ತನಾಲ್ಕು, ಚುಕ್ಕೆ, ಸೊನ್ನೆ ಒಂದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾಳು. ಮೊದಮೊದಲು ಕಡತದೊಳಗಿನ ಮುದುಕರಿಗಾಗಿ ಮರುಗುತ್ತಿದ್ದಳು. ಅವರ ಊರು ಯಾವುದು, ಮಕ್ಕಳು ನೋಡಿಕೊಳ್ಳುತ್ತಾರೋ ಇಲ್ಲವೋ ಎಂದೆಲ್ಲ ಯೋಚಿಸುತ್ತಿದ್ದಳು. ದಿನಕ್ಕೆ ನೂರು ಕಡತವಾದ ಮೇಲೆ ಅದೂ ನಿಂತುಹೋಯಿತು.

ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟು. ಅಂಕಿ ನೋಡಿ ಕಾಯಿಲೆ ಊಹಿಸುವಂತಿಲ್ಲ. ಅನುಮಾನ ಬಂದರೆ ಡಾಕ್ಟರಿಗೇ ಪ್ರಶ್ನೆ ಕಳಿಸಬೇಕು. ಒಮ್ಮೆ ಅವಳು ಅಂಕಿಗಳನ್ನಷ್ಟೇ ನಂಬಿ, ಕುಡಿತದಿಂದ ಬಂದ ಲಿವರ್ ಕಾಯಿಲೆ ಎಂದು ಕೋಡ್ ಹಾಕಿ ಸಿಕ್ಕಿಬಿದ್ದಿದ್ದಳು. ಎಲ್ಲರ ಕೋಡ್ ಪರೀಕ್ಷಿಸಿ ತಪ್ಪು ಹಿಡಿಯುವ ಆರೋಕ್ಯಸಾಮಿ ಎಲ್ಲರೆದುರೇ, "ಏನಮ್ಮ, ಯಾವಾಗ ಡಾಕ್ಟರ್ ಆದೆ? ನಮಗೊಂದು ಸ್ವೀಟೂ ಕೊಡ್ಲಿಲ್ಲ!" ಎಂದಿದ್ದರು. ಆಮೇಲೆ ಅವಳು ಅಂಥ ತಪ್ಪು ಮಾಡಲಿಲ್ಲ. ಆಫೀಸಿನಲ್ಲಿ ಮಾಡಲಿಲ್ಲ, ಅಷ್ಟೆ.

ಆ ವರ್ಷ ಕಂಪನಿಯವರು ಮನೆಮಂದಿಗೂ ರಕ್ತಪರೀಕ್ಷೆ ಮಾಡಿಸಿದರು. ಗಂಡ ಇಳಂಪರಿದಿಯ ರಿಪೋರ್ಟು ಅವಳ ಮೇಜಿಗೇ ಬಂತು. ಲಿವರ್ ಕಿಣ್ವಗಳ ಪೈಕಿ ಎಸ್‌ಜಿಓಟಿ ನೂರ ನಲವತ್ತೆಂಟು, ಎಸ್‌ಜಿಪಿಟಿ ಅರವತ್ತೆರಡು. ಡಾಕ್ಟರು ಬರೆದದ್ದು ಒಂದೇ ಸಾಲು: ಲಿವರ್ ಕಿಣ್ವ ಏರಿದೆ, ತಿಂಗಳ ನಂತರ ಮತ್ತೆ ನೋಡಿ. ಆದರೆ ಮೊದಲನೆಯದು ಎರಡನೆಯದರ ಎರಡು ಪಟ್ಟು ದಾಟಿದರೆ ಏನರ್ಥ ಎಂದು ಸಾವಿರಾರು ಕುಡುಕರ ಕಡತ ನೋಡಿದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜವಳಿ ಅಂಗಡಿಯಲ್ಲಿ ಸ್ಟಾಕ್ ಲೆಕ್ಕವಿದೆ ಎಂದು ಬೆಳಗ್ಗೆ ಐದಕ್ಕೇ ಹೊರಡುತ್ತಿದ್ದ ಗಂಡ ಸಂಜೆ ಏಳಕ್ಕೇ ನಿದ್ದೆಹೋಗುತ್ತಿದ್ದ. ಕಾಫಿ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಎಲ್ಲ ತಾಳೆಯಾಯಿತು. ಮನೆಯಲ್ಲಿ ಅವಳ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ.

"ಕುಡೀತಾ ಇದ್ದೀರಿ," ಎಂದಳು.

"ಇಲ್ಲ ತೇನು."

"ನನ್ನ ಹತ್ರ ಬೇಡ. ಅಂಕಿ ಸುಳ್ಳು ಹೇಳಲ್ಲ."

ಅವನು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದ.

ಮುಂದಿನ ಭಾನುವಾರ ಅವನನ್ನು ಊರ ಕಾವಲು ದೇವರು ಕರುಪ್ಪರ ಗುಡಿಗೆ ಕರೆದೊಯ್ದಳು. ಕುಡಿತ ಬಿಡಬೇಕಾದವರಿಗೆ ಅಲ್ಲಿ ಮಣಿಕಟ್ಟಿಗೆ ಕಪ್ಪು ದಾರ ಕಟ್ಟುತ್ತಾರೆ. ಅವಳ ಅಣ್ಣನೂ ಬಂದಿದ್ದ, ಸಾಕ್ಷಿಗೆ. "ಇನ್ಮೇಲೆ ಮುಟ್ಟಿದ್ರೆ ಸ್ವಾಮಿ ಮಚ್ಚು ಹಿಡ್ಕೊಂಡು ಮನೆಗೇ ಬರ್ತಾರಪ್ಪ, ವಿಳಾಸ ಕೇಳೋದಿಲ್ಲ," ಎಂದು ಪೂಜಾರಿ ಹೆದರಿಸಿದ. ಸರದಿಯಲ್ಲಿದ್ದ ಕುಡುಕರೆಲ್ಲ ನಕ್ಕರು. ಜನ್ಮದಲ್ಲಿ ಹೆಂಡ ಮುಟ್ಟದ ಇಳಂಪರಿದಿ ಕೈ ಚಾಚಿದ.

ತಿಂಗಳಿಡೀ ಅವಳು ಅವನಿಗೆ ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಮಾತಾಡಲಿಲ್ಲ. ಸಿಟ್ಟೂ ಇರಲಿಲ್ಲ. ಒಳಗೆ ಎಲ್ಲ ಜೋಮು ಹಿಡಿದಂತಿತ್ತು. ಅಂಕಿ ಇಳಿದಿದ್ದರೆ ಸರಿ, ಇಲ್ಲವಾದರೆ ಮಗಳನ್ನು ಕರೆದುಕೊಂಡು ಕರೂರಿನ ತವರಿಗೆ ಹೋಗುವುದೆಂದು ತೀರ್ಮಾನಿಸಿಬಿಟ್ಟಿದ್ದಳು. ಶಾಲೆಯಲ್ಲಿ ಮಗಳ ವರ್ಗಾವಣೆ ಪತ್ರವನ್ನೂ ಕೇಳಿದ್ದಳು.

ಅಂಕಿ ಇಳಿದಿರಲಿಲ್ಲ. ಎಸ್‌ಜಿಓಟಿ ನೂರ ಎಪ್ಪತ್ತೊಂದಾಗಿತ್ತು. ಉರೈಯೂರಿನ ಮುದಿ ಡಾಕ್ಟರಮ್ಮನ ಮುಂದೆ ಕೂತಾಗ ತೇನ್‌ಮೊಳಿ ಮನಸ್ಸಿನಲ್ಲೇ ಕರೂರಿನ ಬಸ್ಸಿನ ಹೊತ್ತು ನೋಡುತ್ತಿದ್ದಳು. ಡಾಕ್ಟರಮ್ಮ ಮಾತ್ರ ಕಾಗದವನ್ನು ಹಿಂದೆ ಮುಂದೆ ತಿರುವಿ ಹುಬ್ಬು ಗಂಟಿಕ್ಕಿದರು.

"ಕುಡಿದ್ರೆ ಏರಬೇಕಾದ ಇನ್ನೊಂದು ಕಿಣ್ವ ಏರೇ ಇಲ್ವಲ್ಲಮ್ಮ. ಅದಕ್ಕೇ ಸ್ನಾಯುವಿನ ಕಿಣ್ವ ಸಿಪಿಕೆನೂ ನೋಡಿಸ್ದೆ. ಮೂರು ಸಾವಿರದ ಒಂಬೈನೂರು! ಇವರ ಲಿವರ್ ನೆಟ್ಟಗಿದೆ. ನೊಂದಿರೋದು ಮೈಯಿನ ಸ್ನಾಯು. ಏನಪ್ಪ ನಿನ್ನ ಕೆಲಸ?"

"ಜವಳಿ ಅಂಗಡೀಲಿ ಸೂಪರ್‌ವೈಸರು," ಎಂದು ತೇನ್‌ಮೊಳಿಯೇ ಹೇಳಿದಳು.

"ಅವರನ್ನ ಕೇಳ್ದೆ ಕಣಮ್ಮ. ಕೈ ತೋರ್ಸಪ್ಪ."

ಅವನು ಅಂಗೈ ಬಿಡಿಸಿದ. ಹಗ್ಗದ ಗಾಯ ಮಾಗಿ, ಜಡ್ಡುಗಟ್ಟಿ, ಅಲ್ಲಲ್ಲಿ ಮತ್ತೆ ಒಡೆದಿದ್ದ ಕೈ. ತೇನ್‌ಮೊಳಿ ಅದನ್ನು ನೋಡಿದ್ದು ಆಗಲೇ ಮೊದಲು. ಎಷ್ಟೋ ತಿಂಗಳಿಂದ ಒಮ್ಮೆಯೂ ಅವಳು ಗಂಡನ ಕೈ ಹಿಡಿದಿರಲಿಲ್ಲ.

"ಅಂಗಡಿಯಿಂದ ತೆಗೆದು ಏಳು ತಿಂಗಳಾಯ್ತು ಡಾಕ್ಟರಮ್ಮ," ಎಂದ ಅವನು, ಹೆಂಡತಿಯ ಕಡೆ ನೋಡದೆ. "ಈರುಳ್ಳಿ ಮಂಡೀಲಿ ಮೂಟೆ ಹೊರ್ತೀನಿ."

"ಲಿವರ್ ಅಂದ್ಕೊಂಡೇ ಕೂತಿದ್ರೆ, ಸ್ನಾಯು ಒಡೆದ ಕಸ ಸೇರಿ ಕಿಡ್ನಿ ಹೋಗ್ತಿತ್ತು. ಹತ್ತು ದಿನ ಮೂಟೆ ಮುಟ್ಬೇಡ, ನೀರು ಜಾಸ್ತಿ ಕುಡಿ," ಎಂದರು ಡಾಕ್ಟರಮ್ಮ.

ಹೊರಗೆ ಷೇರ್ ಆಟೋಗಾಗಿ ನಿಂತರು. ಬಿಸಿಲು ಸುಡುತ್ತಿತ್ತು. ತೇನ್‌ಮೊಳಿ ಕೇಳಿದಳು.

"ಕುಡಿಯೋದೇ ಇಲ್ಲ ಅಂದ್ಮೇಲೆ ಅವತ್ತು ಗುಡೀಲಿ ಯಾಕ್ರೀ ಕೈ ಚಾಚಿದ್ರಿ?"

"ಕುಡುಕನ ಹೆಂಡ್ತಿ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಮೂಟೆ ಹೊರೋನ ಹೆಂಡ್ತಿ ಅಂದ್ರೆ ನಿಮ್ಮಣ್ಣ ನಗ್ತಾನೆ."

"ನನಗೊಂದು ಮಾತು ಹೇಳಬಹುದಿತ್ತು."

"ನೀನು ಕೇಳಲಿಲ್ಲ ತೇನು. ಓದ್ಬಿಟ್ಟೆ."

ಅವನ ದನಿಯಲ್ಲಿ ದೂರಿರಲಿಲ್ಲ. ಅವಳಿಗೆ ಅಳಬೇಕೆನಿಸಿತು, ಅಳು ಬರಲಿಲ್ಲ. ತುಂಬಿದ ಆಟೋ ಒಂದು ನಿಲ್ಲದೆ ಹೋಯಿತು.

"ಬೆಳಗ್ಗೆ ಐದಕ್ಕೇ ಹೊರಡ್ತೀರಲ್ಲ," ಎಂದಳು. "ಏನು ತಿಂದು ಮೂಟೆ ಹೊರ್ತೀರಿ?"

ಅವನು ರಸ್ತೆ ನೋಡುತ್ತ, "ಏನೂ ಇಲ್ಲ," ಎಂದ.