ಬಣ್ಣದ ಅಕ್ಕನ ಐದನೆಯ ಮೇಲ್

ಮೊನ್ನೆ ತೊರವಿಯ ಶಾಲೆಯಲ್ಲಿ ವಾರ್ಷಿಕ ಗ್ಯಾದರಿಂಗಿನ ನಾಟಕಕ್ಕೆಂದು ಮಗಳ ಮುಖಕ್ಕೆ ಯಾರೋ ಬಣ್ಣ ಹಚ್ಚುತ್ತಿದ್ದರು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಣ್ಣದ ಅಕ್ಕ ನೆನಪಾದಳು... ಹಿಂದೆಯೇ ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಕ್ಕ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವಳು. ಟಿಕೋಟಾ ಸುತ್ತಲಿನ ಊರುಗಳ ನಾಟಕಗಳಿಗೆ ಬಣ್ಣ ಹಚ್ಚುತ್ತಿದ್ದಳು. ಬಬಲೇಶ್ವರದಲ್ಲಿ ಹೆತ್ತವ್ವನ ಜೊತೆಗೇ ಇದ್ದಳು. ಅವಳಿಗೆ ಮೊದಲ ಸೀರೆ ಉಡಿಸಿದ್ದೇ ಆ ಅವ್ವ. ಸೊಲ್ಲಾಪುರ ರಸ್ತೆಯ ನನ್ನ ಡಿಟಿಪಿ ಅಂಗಡಿಗೆ ನಾಟಕದ ಹ್ಯಾಂಡ್‌ಬಿಲ್ ಮಾಡಿಸಲು ಬರುತ್ತಿದ್ದಳು. ಒಮ್ಮೆ ಬೆಂಗಳೂರಿನ ಪತ್ರಕರ್ತನೊಬ್ಬನ ಮೇಲ್ ವಿಳಾಸ ಹಿಡಿದು ಬಂದಳು. ಲೈಂಗಿಕ ಅಲ್ಪಸಂಖ್ಯಾತರ ಕಲೆ, ಮನರಂಜನೆಯ ಬಗ್ಗೆ ಬರೆಯುವವನಂತೆ. ತನ್ನ ಬಣ್ಣದ ಕೆಲಸ ಪೇಪರಿನಲ್ಲಿ ಬರಬೇಕೆಂಬುದು ಅವಳ ಆಸೆ. ಅವಳು ಹೇಳುವುದು, ನಾನು ಟೈಪ್ ಮಾಡಿ ಕಳಿಸುವುದು.

ತಂದೆ ಬದುಕಿರುವಾಗ ಮೀಸೆ ತೆಗೆಯಲೊಲ್ಲೆನೆಂದು ಹಟ ಹಿಡಿದ ಇಟ್ಟಂಗಿಹಾಳದ ರೈತನನ್ನು ರಾಣಿ ಮಾಡಿದ್ದು, ಆ ರಾಣಿ ನಾಟಕ ಮುಗಿಯುವವರೆಗೂ ಬಾಯಿಗೆ ಸೆರಗು ಹಿಡಿದೇ ಇದ್ದದ್ದು... ನಗು ತಡೆಯಲಾಗದೆ ನಾನು ತಪ್ಪು ತಪ್ಪು ಟೈಪ್ ಮಾಡುತ್ತಿದ್ದೆ. ಪತ್ರಕರ್ತನ ಉತ್ತರ ಮಾತ್ರ ನಾಲ್ಕು ಕಥೆಗೂ ಒಂದೇ: ಚೆನ್ನಾಗಿದೆ, ಆದರೆ ನೋವೆಲ್ಲಿದೆ? ಮನೆಯವರು ಹೊರಗೆ ಹಾಕಲಿಲ್ಲವೇ? ಓದಿ ಓದಿ ನನ್ನ ತಲೆ ಕೆಟ್ಟುಹೋಗಿತ್ತು.

ಐದನೆಯ ಸಲ, ಅವನಿಗೆ ಬೇಕಾದ ಸಾಲನ್ನೇ ಸೇರಿಸೋಣ ಎಂದವನು ನಾನೇ. ಅಕ್ಕ ಪರದೆಯನ್ನೊಮ್ಮೆ ನೋಡಿ ಒಪ್ಪಿದಳು.

"ಅವ್ವಗ ಓದಾಕ ಎಲ್ಲಿ ಬರತೈತಿ... ಹಾಕು ತಮ್ಮಾ."

ಅವ್ವ ಹೊಡೆದು ಹೊರಗೆ ಹಾಕಿದಳು ಎಂದು ಟೈಪ್ ಮಾಡಿದೆ. ಮರುದಿನವೇ ಪತ್ರಕರ್ತ ಅಕ್ಕನಿಗೆ ಫೋನ್ ಮಾಡಿ ವಿಚಾರಿಸಿದ. ಅಕ್ಕ ಅದನ್ನೇ ಹೇಳಿದಳು. ವಾರದೊಳಗೆ ಲೇಖನ ಬಂತು. ತಲೆಬರಹವೇ ಆ ಸಾಲು. ಬಣ್ಣದ ಮಾತು ಕೊನೆಗೆಲ್ಲೋ ಇತ್ತು.

ಅವ್ವನಿಗೆ ಓದು ಬಾರದಿದ್ದರೇನು, ಓಣಿಯವರಿಗೆ ಬರುತ್ತಿತ್ತು. ಓದಿ ಹೇಳಿದರು. ಅವ್ವ ಬೈಯಲಿಲ್ಲವಂತೆ, ಒಂದೇ ಮಾತು ಕೇಳಿದಳಂತೆ.

"ನಾ ನಿನ್ನ ಯಾವಾಗ ಹೊರಗ ಹಾಕಿದ್ನಿ, ಯವ್ವಾ?"

ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅಷ್ಟು ಹೇಳಿ ಹೋದ ಅಕ್ಕ ಮತ್ತೆ ಬರಲಿಲ್ಲ. ಅವ್ವನಿಗೆ ಮುಖ ತೋರಿಸಲಾಗದೆ ತಾನೇ ಮನೆ ಬಿಟ್ಟಳೆಂದು ಆಮೇಲೆ ತಿಳಿಯಿತು. ಹೋದ ವರ್ಷ ಅವ್ವ ತೀರಿಕೊಂಡಾಗಲೂ ಅವಳಿಗೆ ಸುದ್ದಿ ಮುಟ್ಟಿಸಲು ಯಾರಿಗೂ ದಾರಿ ಗೊತ್ತಿರಲಿಲ್ಲ.

ಗ್ಯಾದರಿಂಗಿನಿಂದ ಬಂದವನೇ ಪತ್ರಕರ್ತನಿಗೆ ಮೇಲ್ ಮಾಡಿದೆ: ಅವ್ವ ಹೊರಗೆ ಹಾಕಿದಳೆಂಬ ಸಾಲು ಸುಳ್ಳು, ಬರೆದವನು ನಾನು, ನೆಟ್‌ನಿಂದಲಾದರೂ ತೆಗೆದುಹಾಕಿ. ಅದು ಅವರೇ ಫೋನಿನಲ್ಲಿ ಹೇಳಿದ ಮಾತು, ಅವರೇ ಬಂದು ಕೇಳಬೇಕು ಎಂದು ಉತ್ತರ ಬಂತು. ಅವಳನ್ನು ಎಲ್ಲಿಂದ ತರಲಿ... ಫೋನಿನಲ್ಲಿ ಹುಡುಕಿದರೆ ಇವತ್ತಿಗೂ ಆ ಅವ್ವ ಮಗಳನ್ನು ಹೊರಗೆ ಹಾಕಿದವಳೇ.