ಬಂಗಾರದ ಗುಡ್ಡದಲ್ಲಿ ಚರಗ

ಸತ್ತವರ ದನಿ ಕೇಳಿಸಿತು ಎನ್ನುವವರನ್ನು ನಾನು ಎಂದೂ ನಂಬಿದವನಲ್ಲ. ಶಹಾಪುರದಲ್ಲಿ ಫ್ಯಾನು, ಮಿಕ್ಸರ್ ರಿಪೇರಿ ಮಾಡುತ್ತೇನೆ. ಬೇಡದ ಸದ್ದು ಬಂತೆಂದರೆ ಎಲ್ಲೋ ತಂತಿ ಸಡಿಲಾಗಿದೆ ಎಂದೇ ನನ್ನ ತೀರ್ಮಾನ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ರಿಪೇರಿಗೆ ಬಂದ ಮೆಟಲ್ ಡಿಟೆಕ್ಟರ್ ಒಂದು, ಒಯ್ಯುವವರಿಲ್ಲದೆ ನನ್ನ ಬಳಿಯೇ ಉಳಿಯಿತು. ಸುರಪುರದ ಆಚೆ, ಹಿಂದಿನವರು ಚಿನ್ನ ಅಗೆದು ಬಿಟ್ಟುಹೋದ ಗುಡ್ಡವೊಂದಿದೆ. ನನಗೂ ಪಕ್ಕದ ವೆಲ್ಡಿಂಗ್ ಅಂಗಡಿಯ ಮಹಿಬೂಬಣ್ಣನಿಗೂ ಅದರ ಹುಚ್ಚು ಹಿಡಿಯಿತು. ಬಿಡುವಾದಾಗಲೆಲ್ಲ ಹೋಗುತ್ತಿದ್ದೆವು. ಸಿಕ್ಕಿದ್ದೆಲ್ಲ ಎತ್ತಿನ ಲಾಳ, ತುಕ್ಕು ಹಿಡಿದ ಮೊಳೆ.

ಅಂದು ಎಳ್ಳಮಾವಾಸ್ಯೆ. ನಮ್ಮ ಕಡೆ ಅಂದು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮುಂದೆ ನಡೆಯುವವರು ಭೂಮಿತಾಯಿಗೆಂದು ಸಜ್ಜೆರೊಟ್ಟಿ, ಭಜ್ಜಿ ಚೆಲ್ಲುತ್ತ ಹೋದರೆ ಹಿಂದೆ ಬರುವವರು ಅದರ ಮೇಲೆ ನೀರು ಹಾಕಬೇಕು. ನಮಗೆ ಹೊಲವಿರಲಿಲ್ಲ. ಆದರೂ ಅವ್ವ ಮನೆಯ ಹಿಂದಿನ ಕಲ್ಲುನೆಲದಲ್ಲೇ ಚರಗ ಚೆಲ್ಲುತ್ತಿದ್ದಳು. ಓಣಿಯವರು ಚೇಷ್ಟೆ ಮಾಡಿದರೆ, "ಹೊಲ ಇಲ್ದಿದ್ರೇನಾತು, ನಿಂದ್ರಾಕ ನೆಲ ಅದಲ್ಲ" ಅನ್ನುತ್ತಿದ್ದಳು. ತಂಬಿಗೆ ಹಿಡಿದು ಹಿಂದೆ ನಡೆಯುತ್ತಿದ್ದವನು ನಾನು. ತಿರುಗಿ ನೋಡದೆಯೇ, "ನೀರ ಹಾಕಪಾ" ಎನ್ನುವಳು. ಅವಳು ತೀರಿಕೊಂಡ ಮೇಲೆ ಅದೂ ನಿಂತಿತು.

ಅಂದು ಮಧ್ಯಾಹ್ನ ನಾವಿಬ್ಬರೂ ಗುಡ್ಡದಲ್ಲಿದ್ದೆವು. ಕಿವಿಗೆ ಹೆಡ್‌ಫೋನ್ ಹಾಕಿ ಯಂತ್ರ ಆಡಿಸುತ್ತಿದ್ದೆ. ಎಂದೂ ಇಲ್ಲದಷ್ಟು ಜೋರಾಗಿ ಅದು ಚೀರತೊಡಗಿತು. ಮುಂದೆ ಹೋದಷ್ಟೂ ಸದ್ದು ಏರಿತು. ನಸೀಬು ತೆರೆಯಿತು ಎಂದುಕೊಂಡು ಯಂತ್ರವನ್ನೇ ನೋಡುತ್ತ ನಡೆದೆ. ಥಟ್ಟನೆ ಸದ್ದು ನಿಂತಿತು. ಆಮೇಲೆ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು:

"ನೀರ ಹಾಕಪಾ."

ಅವ್ವನ ದನಿ. ಕಾಲುಗಳು ತಾವೇ ನಿಂತವು. ಹೆದರಿಕೆಯಾಗಲಿಲ್ಲ, ಅದೂ ನನಗೆ ಸೋಜಿಗವೇ. ಹಳೆಯ ರೂಢಿಯಂತೆ ಹೆಗಲ ಬಾಟಲಿ ತೆಗೆದು ಮುಂದೆ ನೀರು ಸುರಿದೆ. ಕಲ್ಲುನೆಲದಲ್ಲಿ ಹರಡಬೇಕಿದ್ದ ನೀರು ಒಣಹುಲ್ಲಿನೊಳಗೆ ಜಾರಿ ಮಾಯವಾಯಿತು. ಹೆಡ್‌ಫೋನ್ ತೆಗೆದೆ. ಬಹಳ ಕೆಳಗೆಲ್ಲೋ ತೊಟ್ಟಿಕ್ಕುವ ಸದ್ದು.

"ಯಾಕ ನಿಂತಿ, ಬಂಗಾರ ಸಿಕ್ತೇನು?" ಎನ್ನುತ್ತ ಬಂದ ಮಹಿಬೂಬಣ್ಣನಿಗೆ ಬೆರಳಿಂದ ತೋರಿಸಿದೆ. ಅವನು ದೊಡ್ಡ ಕಲ್ಲೊಂದನ್ನು ಎತ್ತಿ ಹಾಕಿದ. ಹುಲ್ಲು, ಕೊಳೆತ ಹಲಗೆ, ಮಣ್ಣು ಎಲ್ಲವೂ ಒಟ್ಟಿಗೆ ಕುಸಿದವು. ಹಳೆಯ ಗಣಿಬಾವಿಯ ಬಾಯಿ ಅದು.

ಅವನು ನನ್ನ ತೋಳು ಹಿಡಿದು ಹಿಂದಕ್ಕೆಳೆದು ಕೂರಿಸಿದ. "ಇನ್ನೊಂದು ಹೆಜ್ಜಿ ಇಟ್ಟಿದ್ರ ಹೆಣಾನೂ ಸಿಗ್ತಿರಲಿಲ್ಲ. ಯಾರು ತಡದ್ರು ನಿನಗ?"

"ನಮ್ಮವ್ವ" ಅಂದೆ. ಅವನು ನಗಲಿಲ್ಲ.

ಮನೆಗೆ ಬಂದು ಯಂತ್ರ ಬಿಚ್ಚಿ ಒಂದೊಂದು ತಂತಿಯನ್ನೂ ನೋಡಿದೆ. ಯಾವುದೂ ಸಡಿಲಾಗಿರಲಿಲ್ಲ. ಎಲ್ಲಿಂದಲೋ ರೇಡಿಯೋ ಅಲೆ ಹೊಕ್ಕಿರಬೇಕು ಎಂದು ತಿಳಿದವರೊಬ್ಬರು ಹೇಳಿದರು. ಇರಬಹುದು. ಆದರೆ ಆ ಮಾತು, ಆ ದನಿ, ಆ ಜಾಗದಲ್ಲೇ ಯಾಕೆ? ನನಗೆ ಗೊತ್ತಿರುವುದು ಅವ್ವನ ಋಣ ಮಾತ್ರ.

ಈಗ ಪ್ರತಿ ಎಳ್ಳಮಾವಾಸ್ಯೆಗೆ ಮನೆಯ ಹಿಂದೆ ನಾನು ಚರಗ ಚೆಲ್ಲುತ್ತೇನೆ. ಮಹಿಬೂಬಣ್ಣ ಅಂಗಡಿ ಮುಚ್ಚಿ ಬಂದು, ತಂಬಿಗೆ ಹಿಡಿದು ನನ್ನ ಹಿಂದೆ ನಡೆಯುತ್ತಾನೆ. ಅವನು ಹಾಕಿದ ನೀರು ಕಾಲಬಳಿ ಹರಡಿ, ನಿಧಾನಕ್ಕೆ ಇಂಗುವವರೆಗೂ ನಾನು ಅಲ್ಲೇ ನಿಂತಿರುತ್ತೇನೆ.