ಅತ್ತಿನ್ನ ಕರಕೊಂಡು ಬಂದ ಅಮಾಸಿ

ನಮ್ಮ ಕಡಿ ಸಾವಿನ ಸುದ್ದಿ ಯಾರೂ ನೆಟ್ಟಗ ಹೇಳಂಗಿಲ್ಲ. ಜೀವ ಹೋಗಿ ತಾಸಾಗಿದ್ರೂ "ಭಾಳ ಸೀರಿಯಸ್ ಐತಿ, ಬಂದುಬಿಡ್ರಿ" ಅಂತ ಫೋನ್ ಮಾಡ್ತಾರ. ಕೇಳಿದವರಿಗೆ ತಿಳಿತದ, ಅಳಕೋತ ಬರ್ತಾರ. ನಮ್ಮತ್ತಿಗೆ ಮಾತ್ರ ತಿಳೀಲಿಲ್ಲ. ತಿಳಕೊಳ್ಳೋದು ಬ್ಯಾಡಾಗಿತ್ತೋ ಏನೋ.

ಆರು ತಿಂಗಳು ಹಾಸಿಗಿ ಹಿಡಿದಿದ್ದ ಕಾಕಾ ಸುರಪುರದಾಗ ನಸುಕಿನ್ಯಾಗ ತೀರಿಕೊಂಡಿದ್ದ. ಅತ್ತಿ ಅವನ ಅಕ್ಕ. ಹಡದಾಕಿ ಸತ್ತ ಮ್ಯಾಲ ಅವನನ್ನ ಕಂಕುಳಾಗ ಹೊತ್ತು ಬೆಳೆಸಿದಾಕಿ. ಯಾದಗಿರಿಯಿಂದ ಆಕಿನ್ನ ಕರಕೊಂಡು ಬರಾಕ ಅಪ್ಪ ನನ್ನನ್ನೂ ನನ್ನ ಹೆಂಡ್ತಿನ್ನೂ ಕಾರಿನ್ಯಾಗ ಕಳಿಸಿದ. ಅವತ್ತು ಅಮಾಸಿ, ಹೊತ್ತು ಮುಣುಗೂದರೊಳಗ ಮಣ್ಣು ಆಗಬೇಕು, ಅಲ್ಲೀತನಕ ಕಾಯ್ತೀವಿ, ಆಕಿ ತಮ್ಮನ ಮುಖ ನೋಡ್ಲಿ ಅಂದ. ಹಾದ್ಯಾಗ ಏನೂ ಹೇಳಬ್ಯಾಡ ಅಂತನೂ ಅಂದ.

ಶಹಾಪುರ ದಾಟಿ ಯಾದಗಿರಿ ಮುಟ್ಟಿದಾಗ ಮಧ್ಯಾಹ್ನ. ಅತ್ತಿ ತಮ್ಮನಿಗಂತ ಗಂಜಿ ಹಿಟ್ಟು, ಮೆತ್ತನ್ನ ಟಾವೆಲ್ ಕಟಗೊಂಡು ತಯಾರಾಗಿದ್ಲು. ಕಾರು ಹತ್ತಿದಾಕಿನ, ಮೊದಲು ಅಬ್ಬೆತುಮಕೂರ ಮಠಕ್ಕ ನಡಿ, ಗದ್ದಿಗಿಗೆ ಕಾಯಿ ಒಡಿಸಿ ವಿಭೂತಿ ತರೂನು, ಹಣಿಗೆ ಹಚ್ಚಿದ್ರ ಎದ್ದು ಕುಂದರ್ತಾನ ಅಂದ್ಲು. ಏನಂತ ಬ್ಯಾಡ ಅನ್ಲಿ? ಹೆಂಡ್ತಿ ನನ್ನ ಮುಖ ನೋಡಿದ್ಲು. ನಾ ಕಾರು ತಿರುವಿದೆ.

ಅಮಾಸಿ ಗದ್ದಲ, ಪಾಳಿ ಮುಂದಕ್ಕ ಸರೀವಲ್ದು. ಅತ್ತಿ ಬಿಸಿಲಾಗ ಬರಿಗಾಲಿಲೆ ನಿಂತು ಹಿಂದಿನವರಿಗೆಲ್ಲಾ ತಮ್ಮನ ಬ್ಯಾನಿ ಕಥಿ ಹೇಳಾಕತ್ತಿದ್ಲು. ನಾ ಗಿಡದ ನೆಳ್ಳಾಗ ಗಡಿಯಾರ ನೋಡಾಕತ್ತಿದ್ದೆ. ಹೋಗಿ ಕೈ ಹಿಡಿದು ಹೇಳಿಬಿಡಬೇಕಿತ್ತು. ಹೇಡಿ ನಾನು, ಅಷ್ಟೇ. ಎರಡು ತಾಸು ಅಲ್ಲೇ ಹೋದವು.

ವಾಪಸ್ ಬರುವಾಗ ಅಪ್ಪ ಫೋನ್ ಮಾಡಿದ. ಅತ್ತಿ ಬಾಜೂಕ ಕುಂತಾಳ. ಬಂದ್ವಿ, ಬಂದ್ವಿ ಅಂದೆ, ಎಲ್ಲಿದ್ದೀವಿ ಅಂತ ಹೇಳಲಿಲ್ಲ. ಕಾರು ಜೋರು ಹೊಡದೆ. ಅತ್ತಿ ನಕ್ಕು, ತಮ್ಮನ್ನ ನೋಡಾಕ ಹೊಂಟೀನಿ, ಹಾದ್ಯಾಗ ನನ್ನ ಮಣ್ಣು ಮಾಡಬ್ಯಾಡಪಾ ಅಂದ್ಲು. ಶಹಾಪುರದಾಗ ಹೊತ್ತು ಕೆಂಪಾಗಿತ್ತು.

ನಾವು ಮನಿ ಮುಟ್ಟಿದಾಗ ಗಂಡಸರು ಮಣ್ಣು ಮಾಡಿ ಬಂದು ಅಂಗಳದಾಗ ಕಾಲು ತೊಳಕೊಳ್ಳಾಕತ್ತಿದ್ರು. ಅತ್ತಿಗೆ ಯಾರೂ ಹೇಳಬೇಕಾಗಲಿಲ್ಲ. ಕಾರಿನ ಬಾಗಿಲಾ ಹಿಡಕೊಂಡು ನನ್ನ ಕಡಿ ತಿರುಗಿದ್ಲು.

"ನಾ ಪಾಳ್ಯಾಗ ನಿಂತಾಗ ನಿನಗ ಗೊತ್ತಿತ್ತೇನೋ?"

ಗೊತ್ತಿತ್ತು ಅಂದೆ. ಬೈತಾಳ, ಹೊಡಿತಾಳ ಅನಕೊಂಡೆ. ಹೊಡದಿದ್ರ ಚಲೋ ಇತ್ತು.

"ಮುಂಜಾನಿ ನೀ ನೋಡಿ ಬಂದೀಯಲ್ಲ. ಅವನ ಮುಖ ಹೆಂಗಿತ್ತು, ಅದನ್ನರೇ ಹೇಳು."

ಸಂಕಟಕ್ಕ ಕಾಕಾನ ಬಾಯಿ ಸೊಟ್ಟಾಗಿತ್ತು. ಕಣ್ಣು ಎಷ್ಟು ಮುಚ್ಚಿದ್ರೂ ಮುಚ್ಚಿರಲಿಲ್ಲ.

ಮಲಗಿದಂಗ ಇತ್ತು ಅತ್ತಿ, ಅಂದೆ.